ಸಕ್ಕರೆ ಗಿಳಿ ಕಸಿದವನು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನಲ್ಲಿ ಹಾಡಹಗಲೇ, ಅಷ್ಟು ಜನರ ಎದುರಿಗೆ, ಗುರುತು ಪರಿಚಯವಿಲ್ಲದ ಗಂಡಸೊಬ್ಬ ಶಿವರತ್ನಳ ತಟ್ಟೆಗೆ ಕೈ ಹಾಕಿದ.

ಅದು ಸಾವಿರದ ಒಂಬೈನೂರ ಅರವತ್ತೊಂಬತ್ತರ ಸಂಕ್ರಾಂತಿ. ಮಾಂಬಳ್ಳಿಯಿಂದ ಹೊರಟ ಶಿವರತ್ನ, ಮಧುವನಹಳ್ಳಿಯ ಸೋದರತ್ತೆಗೆ ಎಳ್ಳು ಬೀರಲು ಹೋಗುತ್ತಿದ್ದಳು. ತಟ್ಟೆಯಲ್ಲಿ ಅವಳೇ ಪಾಕ ಕಾಸಿ, ಮರದ ಅಚ್ಚಿಗೆ ಸುರಿದು ಮಾಡಿದ ಸಕ್ಕರೆಯ ಗಿಳಿ, ಆನೆ, ಬಾಳೆಗೊನೆ. ಆ ಪಾಕ ಸಿಡಿದು ಬಲಗೈ ಮಣಿಕಟ್ಟು ಸುಟ್ಟಿತ್ತು. ಸುಟ್ಟ ಕಡೆ ಅರಿಶಿನ ಮೆತ್ತಿಕೊಂಡಿದ್ದಳು.

ಆ ಮನುಷ್ಯ ಗಿಳಿಯನ್ನು ಎತ್ತಿಕೊಂಡವನೇ ಅದರ ಕತ್ತು ಕಚ್ಚಿದ!

"ಏನ್ರೀ ಇದು? ಕಣ್ ಕಾಣಾಕಿಲ್ವ ನಿಮ್ಗೆ?"

ಬಿಳಿ ಷರ್ಟು, ಜೇಬಿನಲ್ಲಿ ಪೆನ್ನು. ನೋಡಿದರೆ ಓದಿದವನ ಹಾಗಿದ್ದ. ಆದರೆ ಪುಷ್ಯಮಾಸದ ಚಳಿಯಲ್ಲೂ ಕಾಲರ್ ಬೆವರಿನಿಂದ ತೊಯ್ದಿತ್ತು. ಕಣ್ಣು ಅವಳ ಮೇಲಿದ್ದರೂ ಅವಳನ್ನು ನೋಡುತ್ತಿರಲಿಲ್ಲ.

"ಕುಡ್ದವ್ನೆ ಕಣವ್ವ, ಇತ್ತಗ್ ಬಾ" ಅಂದಳು ಪಕ್ಕದಲ್ಲಿದ್ದ ಮುದುಕಿ.

ಶಿವರತ್ನ ಹಿಂದೆ ಸರಿಯುವ ಜಾತಿಯವಳಲ್ಲ. ತಟ್ಟೆಯಿಂದ ಆನೆಯನ್ನೂ ತೆಗೆದು ಅವನ ಅಂಗೈಗೆ ತುರುಕಿದಳು.

"ತಕಳಿ, ಇದ್ನೂ ನುಂಗಿ. ಹಬ್ಬದ ದಿನ ಇನ್ನೊಬ್ರ ತಟ್ಟೆಗೆ ಕೈ ಹಾಕೋರ್ನ ಇವತ್ತೇ ಕಂಡಿದ್ದು."

ಅಷ್ಟರಲ್ಲಿ ಬಸ್ಸು ಬಂತು. ಹತ್ತಿ ಕೂತು ಕಿಟಕಿಯಿಂದ ತಿರುಗಿ ನೋಡಿದಳು. ಅವನು ಕಟ್ಟೆಯ ಮೇಲೆ ಕೂತಿದ್ದ. ಕೈಯಲ್ಲಿದ್ದ ಅರ್ಧ ಆನೆಯನ್ನು, ನಿದ್ದೆಯಿಂದ ಎದ್ದ ಮಗುವಿನ ಹಾಗೆ, ಇದು ಎಲ್ಲಿಂದ ಬಂತು ಅಂತ ನೋಡುತ್ತಿದ್ದ. ಆಮೇಲೆ ಕರ್ಚೀಫು ತೆಗೆದು ಮೀಸೆ ಒರೆಸಿಕೊಂಡ.

ನಾಟಕ ಬೇರೆ... ಅಂದುಕೊಂಡು ಮುಖ ತಿರುಗಿಸಿದಳು.

ಮುಂದಿನ ತಿಂಗಳು ಅವಳನ್ನು ನೋಡಲು ಗಂಡಿನ ಕಡೆಯವರು ಬಂದರು. ಹುಡುಗ ಮಾದಸ್ವಾಮಿ, ಹನೂರಿನ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಜೊತೆಗೆ ಬಂದವಳು ವಿಧವೆ ತಾಯಿ ಚನ್ನಾಜಮ್ಮ. ಶಿವರತ್ನ ಕೇಸರಿಬಾತಿನ ತಟ್ಟೆ ಹಿಡಿದು ಹಜಾರಕ್ಕೆ ಬಂದು, ತಲೆಯೆತ್ತಿ ನೋಡಿದಳು.

ಅದೇ ಮೀಸೆ. ಅದೇ ಜೇಬು, ಅದೇ ಪೆನ್ನು!

"ನನಗೆ ಸಿಹಿ ಬೇಡ" ಅಂದ ಅವನು ಮೆಲ್ಲಗೆ.

"ಅವ್ನಿಗೆ ಚಿಕ್ಕಂದಿನಿಂದ್ಲೂ ಸಿಹಿ ಸೇರಾಕಿಲ್ಲ ಕಣವ್ವ" ಅಂತ ತಾಯಿ ಯಾರೂ ಕೇಳದಿದ್ದರೂ ಸೇರಿಸಿದಳು.

ಸಿಹಿ ಸೇರದವನು ನನ್ನ ಗಿಳಿಯ ಕತ್ತು ಯಾಕೆ ಕಚ್ಚಿದ? ಶಿವರತ್ನಳಿಗೆ ಮೈಯೆಲ್ಲ ಉರಿಯಿತು. ಅವನೋ ಅವಳ ಮುಖ ಬಿಟ್ಟು, ತಟ್ಟೆ ಹಿಡಿದ ಕೈಯನ್ನೇ ನೋಡುತ್ತಿದ್ದ. ಸುಟ್ಟ ಕಲೆಯನ್ನು ಕುಂದೆಂದು ಎಣಿಸುತ್ತಿದ್ದಾನೇನೋ ಅಂತ ಸೆರಗು ಎಳೆದುಕೊಂಡಳು.

ಹಿತ್ತಿಲಲ್ಲಿ ಕೈ ತೊಳೆಯಲು ನೀರು ಹಾಕುವಾಗ ಕೇಳಿಯೇ ಬಿಟ್ಟಳು.

"ನನ್ನ ಮುಂಚೆ ಎಲ್ಲಾದ್ರೂ ನೋಡಿದ್ರಾ?"

ಅವನು ತಡವರಿಸಿದ. "ನಿಮ್ಮ ಮುಖ... ಇಲ್ಲ. ನೋಡಿದ ನೆನಪಿಲ್ಲ."

ಸುಳ್ಳು! ಕಣ್ಣಿಗೆ ಕಣ್ಣಿಟ್ಟು ಸುಳ್ಳು!

"ಒಂದು ಮಾತು" ಅಂದ ಅವನು, ತಲೆ ತಗ್ಗಿಸಿಕೊಂಡೇ. "ನಿಮಗೆ ನಾನು ಇಷ್ಟವಾಗದಿದ್ರೆ ಈಗಲೇ ಹೇಳಿ. ನಾನೇ ಬೇಡ ಅಂತೀನಿ. ಹುಡುಗಿ ಒಲ್ಲೆ ಅಂದ್ಳು ಅನ್ನೋ ಮಾತು ನಿಮ್ಮ ಮೇಲೆ ಬರೋದು ಬೇಡ."

ಇಂಥ ಮಾತನ್ನು ಆ ಕಾಲದಲ್ಲಿ ಯಾವ ಗಂಡೂ ಆಡುತ್ತಿರಲಿಲ್ಲ. ಸುಳ್ಳುಗಾರ ಅಂತ ಗೊತ್ತಿದ್ದೂ ಶಿವರತ್ನ ಮದುವೆಗೆ ಹೂಂ ಅಂದಳು. ಯಾಕೆ ಅಂತ ಅವಳನ್ನು ಕೇಳಬೇಡಿ. ಅವಳಿಗೇ ಗೊತ್ತಿರಲಿಲ್ಲ.

ಹನೂರಿನ ಮನೆ ಚಿಕ್ಕದು. ಆದರೆ ಅಲ್ಲಿ ಅವಳಿಗೆ ಮುಚ್ಚಿದ ಬಾಗಿಲುಗಳೇ ಹೆಚ್ಚು.

ಬೆಳಿಗ್ಗೆ ಎದ್ದ ಕೂಡಲೇ ಮಾದಸ್ವಾಮಿ ಬಚ್ಚಲಿಗೆ ಹೋಗಿ ಚಿಲಕ ಹಾಕುತ್ತಿದ್ದ. ಅತ್ತೆ ಹೊರಗೆ ಕಾವಲು ನಿಂತಂತೆ ನಿಲ್ಲುತ್ತಿದ್ದಳು. ಒಳಗಿನಿಂದ ಸ್ಪಿರಿಟ್ಟಿನ ವಾಸನೆ. ಅಡುಗೆಮನೆಯ ಮೂಲೆಯಲ್ಲಿ, ಒದ್ದೆ ಮರಳಿನಲ್ಲಿ ಹೂತಿಟ್ಟ ಪುಟ್ಟ ಗಡಿಗೆಯೊಂದು ಇತ್ತು. "ಅದು ದೇವ್ರ ಗಡಿಗೆ, ಮುಟ್ಬ್ಯಾಡ ಕಣವ್ವ" ಅಂತ ಮೊದಲ ದಿನವೇ ಅಪ್ಪಣೆಯಾಗಿತ್ತು.

ಇನ್ನೊಂದು ಸಂಗತಿ ಅವಳಿಗೆ ಜೀರ್ಣವಾಗಲೇ ಇಲ್ಲ. ತವರಿನಲ್ಲಿ ಲಿಂಗಪೂಜೆ ಮುಗಿಯದೆ ಯಾರೂ ಬಾಯಿಗೆ ನೀರು ಹಾಕುವವರಲ್ಲ. ಇಲ್ಲಿ ಪೂಜೆ ಕೊಂಚ ತಡವಾದರೂ ಅತ್ತೆ ಮಗನಿಗೆ ಮೊದಲು ಬಡಿಸಿಬಿಡುತ್ತಿದ್ದಳು. ಇದೆಂಥ ಮನೆತನ?

ಹಾಗಂತ ಗಂಡ ಕೆಟ್ಟವನೇ? ಸಂತೆಯಿಂದ ಬಂದರೆ ಅವಳಿಗೊಂದು ಮೊಳ ಕನಕಾಂಬರ ಇಲ್ಲದೆ ಬರುತ್ತಿರಲಿಲ್ಲ. ಒಲೆಯ ಹೊಗೆಗೆ ಅವಳು ಕಣ್ಣುಜ್ಜಿಕೊಂಡರೆ ಊದುಗೊಳವೆ ಕಸಿದು ತಾನೇ ಊದುತ್ತಿದ್ದ. ಅವನ ಹೆಜ್ಜೆ ಸಪ್ಪಳ ಬೀದಿ ತಿರುವಿನಲ್ಲಿ ಕೇಳಿದರೆ ಸಾಕು, ಅವಳ ಕೈ ತಾನಾಗಿ ತಲೆಗೂದಲು ಸರಿಮಾಡಿಕೊಳ್ಳುತ್ತಿತ್ತು. ಆದರೆ ಅವನು ದೀಪ ಆರಿಸದೆ ಅವಳ ಹತ್ತಿರ ಬರುತ್ತಿರಲಿಲ್ಲ. ಯಾಕೆ ಅಂದರೆ ಮಗ್ಗುಲು ತಿರುಗುತ್ತಿದ್ದ.

ಒಮ್ಮೊಮ್ಮೆ ಮಧ್ಯಾಹ್ನಕ್ಕೆ ಮುಂಚೆ ಸ್ಕೂಲಿನಿಂದ ಬಂದುಬಿಡುತ್ತಿದ್ದ. ಕಾಲರ್ ಒದ್ದೆ. ಹೆಂಡತಿಯನ್ನು ಪಕ್ಕದ ಮನೆಯವಳನ್ನು ನೋಡುವಂತೆ ನೋಡುತ್ತಿದ್ದ. ಅತ್ತೆ ಓಡಿ ಬಂದು ಅವನನ್ನು ಅಡುಗೆಮನೆಗೆ ಎಳೆದುಕೊಂಡು ಬಾಗಿಲು ಹಾಕಿಕೊಳ್ಳುವಳು. ಸ್ವಲ್ಪ ಹೊತ್ತಿಗೆ ಏನೂ ಆಗದವನಂತೆ ಹೊರಗೆ ಬರುತ್ತಿದ್ದ.

"ಏನತ್ತೆ ಇದು?"

"ಗಂಡುಸ್ರ ವಿಚಾರನೆಲ್ಲಾ ಕೆದಕ್ಬಾರ್ದು ಕಣವ್ವ."

ಕುಡಿತ. ಇನ್ನೇನು? ತಾಯಿಯೇ ಮಗನ ಕುಡಿತ ಮುಚ್ಚಿಡುತ್ತಿದ್ದಾಳೆ...

ಆಮೇಲೆ 'ಮೇಷ್ಟ್ರುಗಳ ಟ್ರೈನಿಂಗು' ಅಂತ ಬೆಂಗಳೂರಿಗೆ ಹೋಗಿಬಂದ. ಬಂದವನ ಕೂದಲ ಬುಡದಲ್ಲಿ ಅಲ್ಲಲ್ಲಿ ಬೆಳ್ಳಗೆ ಏನೋ ಅಂಟು ಒಣಗಿತ್ತು. ಎಂಥದೋ ವಾಸನೆ. ಟ್ರೈನಿಂಗಿನಲ್ಲಿ ಮೇಷ್ಟ್ರ ತಲೆಗೆ ಯಾರು ಏನು ಹಚ್ಚುತ್ತಾರೆ? ಯಾವಳ ಮಡಿಲಲ್ಲಿ ತಲೆಯಿಟ್ಟು ಬಂದರೋ ಅಂದುಕೊಂಡ ಮೇಲೆ ಆ ದಿನ ಅವಳಿಗೆ ಊಟ ಇಳಿಯಲಿಲ್ಲ.

ಅನುಮಾನ ಒಮ್ಮೆ ಹೊಕ್ಕರೆ ಪೆಟ್ಟಿಗೆಯನ್ನೂ ಬಿಡುವುದಿಲ್ಲ. ಅವನು ಸ್ಕೂಲಿಗೆ ಹೋದಾಗ ಟ್ರಂಕು ತೆಗೆದಳು. ಪಂಚೆಗಳ ಅಡಿಯಲ್ಲಿ ಕರಿಯ ಹಾಳೆಯೊಂದಿತ್ತು. ಕಿಟಕಿಯ ಬೆಳಕಿಗೆ ಹಿಡಿದಳು.

ತಲೆಬುರುಡೆ! ಕಣ್ಣಿನ ಗುಳಿ, ಹಲ್ಲಿನ ಸಾಲು...

ಎಕ್ಸ್‌ರೇ ಅಂದರೆ ಏನು ಅಂತ ಅವಳಿಗೆ ಗೊತ್ತಿತ್ತು. ಅವಳ ಅಪ್ಪನ ಕೈ ಮುರಿದಾಗ ಕೊಳ್ಳೇಗಾಲದಲ್ಲಿ ತೆಗೆಸಿದ್ದರು. ಆದರೆ ತಲೆಯದು? ತಲೆ ಕೆಟ್ಟವರಿಗಲ್ಲದೆ ಇನ್ಯಾರಿಗೆ ತೆಗೆಸುತ್ತಾರೆ?

ಕುಡುಕ, ಇಲ್ಲವೇ ಇನ್ನೊಬ್ಬಳ ಪಾಲಾದವನು, ಇಲ್ಲವೇ ಹುಚ್ಚ. ಮೂರರಲ್ಲಿ ಯಾವುದಾಗಲಿ ಅಂತ ಬೇಡಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

ಅವನು ಬಂದಾಗ ಆ ಹಾಳೆಯನ್ನು ಮುಂದೆ ಇಟ್ಟಳು. "ಏನ್ರೀ ಇದು?"

ಅವನ ಮುಖ ಬಿಳಿಚಿಕೊಂಡಿತು. ಅಡುಗೆಮನೆಯತ್ತ ಒಮ್ಮೆ ನೋಡಿದ. "ಹೇಳ್ತೀನಿ ರತ್ನ. ಸ್ವಲ್ಪ ದಿನ ತಾಳ್ಕೋ."

"ಹೆಂಡ್ತಿಗೆ ಹೇಳಾಕೆ ಯಾರ ಅಪ್ಪಣೆ ಬೇಕು?"

ಅವನು ಹಾಳೆಯನ್ನು ಮತ್ತೆ ಟ್ರಂಕಿನೊಳಗೆ ಇಟ್ಟ. ಆ ಅನುಮಾನ ಹೊತ್ತುಕೊಂಡೇ ಅವಳು ಆಷಾಢಕ್ಕೆ ತವರಿಗೆ ಹೋದಳು.

ಶ್ರಾವಣ ಬಂತು. ಹೆಂಡತಿಯನ್ನು ಕರೆದೊಯ್ಯಲು ಮಾದಸ್ವಾಮಿ ಭಾನುವಾರ ಸಂಜೆ ಮಾಂಬಳ್ಳಿಗೆ ಬಂದ. ಮಾರನೆಯ ದಿನ ಶ್ರಾವಣ ಸೋಮವಾರ. ಅವಳ ತಂದೆ ಪುಟ್ಟಮಾದಪ್ಪನ ಮನೆಯಲ್ಲಿ ಅಂದು ಯಳಂದೂರಿನಿಂದ ಜಂಗಮರಾದ ಅಯ್ಯನವರು ಬಂದು, ಪೂಜೆಯಾಗಿ, ಅವರು ಉಂಡ ಮೇಲೆಯೇ ಉಳಿದವರ ಊಟ. ಅಜ್ಜನ ಕಾಲದಿಂದ ತಪ್ಪದ ಪದ್ಧತಿ.

ಬೆಳಿಗ್ಗೆ ಮಾದಸ್ವಾಮಿ ಸಣ್ಣ ತಗಡಿನ ಡಬ್ಬಿ ಹಿಡಿದು ಹಿಪ್ಪುನೇರಳೆ ತೋಟದ ಕಡೆ ಹೋಗಿ ಬಂದ. ಹತ್ತಿರ ಬಂದಾಗ ಅದೇ ಸ್ಪಿರಿಟ್ಟಿನ ವಾಸನೆ.

ನಮ್ಮಪ್ಪನ ಮನೆಯಲ್ಲೂ ಬಿಡಲಿಲ್ಲವಲ್ಲ, ಶ್ರಾವಣ ಸೋಮವಾರವೂ ಬಿಡಲಿಲ್ಲವಲ್ಲ...

"ಅಯ್ನೋರು ಬೇಗ ಬರ್ತಾರಾ?" ಅಂತ ಅವನು ಕೇಳಿದ.

"ಈಗ ಬಂದ್ಬುಡ್ತಾರೆ" ಅಂದಳು ಮುಖ ನೋಡದೆ.

ಅಯ್ಯನವರು ಬರಲಿಲ್ಲ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿದೆ ಅಂತ ಸುದ್ದಿ ಬಂತು. ಹೊತ್ತು ಏರುತ್ತ ಹೋಯಿತು. ಎಲ್ಲರೂ ಹಸಿದು ಕೂತರು. ಹಸಿವಾಗುತ್ತದೆ ಅಂತ ಬಾಯಿ ಬಿಟ್ಟು ಹೇಳುವ ಅಳಿಯ ಎಲ್ಲಿದ್ದಾನೆ?

ಇದ್ದಕ್ಕಿದ್ದಂತೆ ಮಾದಸ್ವಾಮಿ ಎದ್ದ. ಕಾಲು ತೊಡರುತ್ತಿತ್ತು. ನೇರ ಅಡುಗೆಮನೆಗೆ ಹೋಗಿ ಪಾಯಸದ ಪಾತ್ರೆಗೆ ಕೈ ಚಾಚಿದ. ಪುಟ್ಟಮಾದಪ್ಪ ಅಡ್ಡ ಬಂದ.

"ಅಯ್ನೋರು ಬರೋಗಂಟ ತಾಳಿ ಅಳಿಯಂದ್ರೇ."

ಅಳಿಯ ಏನೋ ತೊದಲಿದ, ಸುಮ್ಮಸುಮ್ಮನೆ ನಕ್ಕ. ಶಿವರತ್ನ ಓಡಿಬಂದು ತೋಳು ಹಿಡಿದಳು. ಅವನು ಅವಳ ಮುಖವನ್ನೇ ದಿಟ್ಟಿಸಿದ.

"ನೀವು... ಯಾರು?"

ಅವಳ ಎದೆ ಒಡೆಯಿತು. ಪುಟ್ಟಮಾದಪ್ಪನ ಮೂಗಿಗೂ ಸ್ಪಿರಿಟ್ಟಿನ ವಾಸನೆ ಬಡಿದಿತ್ತು.

"ಕುಡ್ದವ್ನೆ! ಸ್ವಾಮಾರದ ದಿವ್ಸ, ನನ್ನ ಮನೆ ಒಳ್ಗೆ ಕುಡ್ದು ನಿಂತವ್ನೆ" ಅನ್ನುತ್ತ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ ಜಗುಲಿಯ ಮೇಲೆ ಕೂರಿಸಿದ. ಕೂತವನು ಕಂಬಕ್ಕೆ ಒರಗಿದ. ಕೈ ನಡುಗುತ್ತಿತ್ತು.

ಶಿವರತ್ನ ಬಾಗಿಲಲ್ಲೇ ನಿಂತಳು. ಶ್ರಾವಣದ ತಣ್ಣನೆ ಗಾಳಿ ಬೀಸುತ್ತಿತ್ತು. ಆದರೂ ಅವನ ಕಾಲರ್ ಒದ್ದೆ.

ಸಂಕ್ರಾಂತಿಯ ದಿನವೂ ಹೀಗೇ ಒದ್ದೆ. ಇದೇ ಕಣ್ಣು. ಆವತ್ತು ಗಿಳಿ ತಿಂದ, ಆನೆ ತಿಂದ. ಬಸ್ಸು ಹೊರಡುವಷ್ಟರಲ್ಲಿ ಮನುಷ್ಯನಾಗಿದ್ದ! ಹನೂರಿನಲ್ಲಿ ಅತ್ತೆ ಬಾಗಿಲು ಹಾಕಿಕೊಂಡು ಏನು ಕೊಡುತ್ತಿದ್ದಳು? ಪ್ರತಿ ಸಲವೂ ಅಡುಗೆಮನೆಗೇ ಯಾಕೆ? ಕುಡಿದವನಿಗೆ ಇಷ್ಟು ಬೇಗ ಅಮಲು ಇಳಿಯುತ್ತದೆಯೇ?

ಇಷ್ಟು ದಿನ ಅನುಮಾನಕ್ಕೆಂದು ಕೂಡಿಟ್ಟುಕೊಂಡ ಒಂದೊಂದು ಸಂಗತಿಯೂ ಈಗ ಬೇರೆಯದನ್ನೇ ಹೇಳುತ್ತಿತ್ತು. ಸಿಹಿ... ಸಿಹಿ ಬೇಕು ಇವರಿಗೆ!

ಒಳಗೆ ಓಡಿ ಪಾಯಸಕ್ಕೆ ಸೌಟು ಹಾಕಿದಳು. ತಾಯಿ ಸುವರ್ಣಮ್ಮ ಕೈ ಹಿಡಿದಳು.

"ಎಡೆಗೆ ಮುಂಚೆ ಮುಟ್ಟೀಯ? ಅಯ್ನೋರ್ದು ಕಣೇ ಅದು."

"ಬಿಡವ್ವ. ಪಾಪ ಬಂದ್ರೆ ನಂಗೇ ಬರ್ಲಿ."

ಅವನ ತಲೆಯನ್ನು ತೋಳಿಗೆ ಒರಗಿಸಿಕೊಂಡು ಆರಿದ ಪಾಯಸವನ್ನು ಗುಟುಕು ಗುಟುಕಾಗಿ ಕುಡಿಸಿದಳು. ಅರ್ಧ ಅವನ ಷರ್ಟಿಗೆ, ಅರ್ಧ ಅವಳ ಸೀರೆಗೆ. "ನುಂಗಿ... ರೀ, ನುಂಗಿ." ನೆರೆಹೊರೆಯವರು ಬೀದಿಯಲ್ಲಿ ನಿಂತು ನೋಡುತ್ತಿದ್ದರು.

ಬಹಳ ಹೊತ್ತಾಯಿತು ಅನ್ನಿಸಿತು. ಆಮೇಲೆ ಅವನ ಕಣ್ಣಿಗೆ ಮನುಷ್ಯನ ನೋಟ ಮರಳಿತು.

"ರತ್ನ... ಎಲ್ಲಾರೂ ಯಾಕೆ ನನ್ನೇ ನೋಡ್ತಿದ್ದೀರಿ?"

ಅವಳು ಅತ್ತುಬಿಟ್ಟಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಜಗುಲಿಯ ಮೇಲೆ ಕೂತೇ ಅವನು ಹೇಳಿದ.

"ನನಗೆ ಸಕ್ಕರೆ ಕಾಯಿಲೆ. ಓದುವಾಗಲೇ ಬಂತು. ದಿನಾ ಬೆಳಿಗ್ಗೆ ಇನ್ಸುಲಿನ್ ಸೂಜಿ ಚುಚ್ಕೋಬೇಕು, ಆ ಮದ್ದು ತಂಪಲ್ಲಿರಬೇಕು. ಸ್ಪಿರಿಟ್ಟು ಸೂಜಿಗೆ. ಚುಚ್ಕೊಂಡ್ಮೇಲೆ ಹೊತ್ತಿಗೆ ಸರಿಯಾಗಿ ಉಣ್ಣದಿದ್ರೆ ರಕ್ತದಲ್ಲಿ ಸಕ್ಕರೆ ಪೂರ್ತಿ ಇಳಿದುಬಿಡುತ್ತೆ. ಆಗ ಮಿದುಳಿಗೆ ಆಹಾರ ಇರಲ್ಲ. ಏನು ಮಾಡ್ತೀನೋ ನನಗೇ ಗೊತ್ತಾಗಲ್ಲ. ಆಮೇಲೆ ನೆನಪೂ ಇರಲ್ಲ."

"ಸಕ್ಕರೆ ಕಾಯ್ಲೆಯೋನ್ಗೆ ಪಾಯ್ಸ ಕುಡ್ಸಿದ್ರೆ ವಾಸಿಯಾದ್ದ? ಯಾರ್ಗೇಳೀರಿ ಕತೆಯ?" ಅಂದ ಪುಟ್ಟಮಾದಪ್ಪ.

"ಏರಿದ್ರೂ ಕಷ್ಟ, ಇಳಿದ್ರೂ ಕಷ್ಟ ಮಾವ. ಇಳಿದ್ರೆ ಆ ಗಳಿಗೇಲಿ ಸಿಹಿನೇ ಮದ್ದು. ಹೀಗೆ ಪದೇ ಪದೇ ಇಳಿದು ಮಿದುಳಿಗೆ ಪೆಟ್ಟಾಗಿದ್ಯಾ ಅಂತ ಬೆಂಗಳೂರಲ್ಲಿ ನೋಡ್ತಿದ್ದಾರೆ. ತಲೆಯ ಫೋಟೋ ತೆಗೆದ್ರು. ತಲೆಗೆಲ್ಲ ತಂತಿ ಅಂಟಿಸಿ ಏನೋ ಗೆರೆ ಬರೆಸ್ತಾರೆ."

ಕೂದಲಿನ ಅಂಟು. ಕರಿಯ ಹಾಳೆ. ಟ್ರೈನಿಂಗು. ಮರಳಿನ ಗಡಿಗೆ. ಸೂಜಿಯ ಗುರುತು ಕಾಣದಿರಲೆಂದು ಆರಿಸುತ್ತಿದ್ದ ದೀಪ. ಶಿವರತ್ನಳ ಅನುಮಾನಗಳೆಲ್ಲ ಒಂದೊಂದಾಗಿ ಕಳಚಿ ಬಿದ್ದವು. ಆದರೆ ಸಮಾಧಾನ ಆಗಲಿಲ್ಲ, ಸಿಟ್ಟು ಬಂತು.

"ನನ್ನತ್ರ ಯಾಕೆ ಹೇಳ್ಲಿಲ್ಲ? ಈಗ ನನ್ನೇ ನೀವು ಯಾರು ಅಂದ್ರಿ. ನಿಮ್ಮನ್ನ ಏನೇನೋ ಅಂದ್ಕೊಂಡ್ನಲ್ರೀ..."

ಅವನು ತಲೆ ತಗ್ಗಿಸಿದ.

ಅಷ್ಟರಲ್ಲಿ ಅಯ್ಯನವರು ನಡೆದೇ ಬಂದರು, ಧೂಳು ಮೆತ್ತಿದ ಕಾಲಿನಲ್ಲಿ. ಸುವರ್ಣಮ್ಮ ನಡುಗುತ್ತ ಪಾಯಸದ ಸಂಗತಿ ಒಪ್ಪಿಸಿದಳು. ಅವರು ಒಮ್ಮೆ ಮಾದಸ್ವಾಮಿಯ ಷರ್ಟು ನೋಡಿದರು, ಒಮ್ಮೆ ಶಿವರತ್ನಳ ಸೀರೆ ನೋಡಿದರು.

"ಜೀವ ಉಳ್ಸಿದ್ದು ಮೈಲಿಗೆಯಾದದ್ದ ತಾಯಿ? ಅದ್ನೇ ಬಡ್ಸಿ."

ಪಾಯಸದ ತಪ್ಪು ಅಲ್ಲಿಗೆ ತೀರಿತು. ಮುಚ್ಚಿಟ್ಟ ತಪ್ಪು ತೀರಲಿಲ್ಲ.

"ರೋಗ ಬಚ್ಚಿಟ್ಟು ಮದ್ವೆ ಮಾಡ್ಕಂಡವ್ರೆ" ಅಂದ ಪುಟ್ಟಮಾದಪ್ಪ. "ಮಗಳ್ನ ಕಳ್ಸಾಕಿಲ್ಲ."

"ಮಾವ ಹೇಳೋದು ಸರಿ" ಅಂದ ಮಾದಸ್ವಾಮಿ. "ರತ್ನ ಇಲ್ಲೇ ಇರ್ಲಿ."

ಉಂಡು, ಡಬ್ಬಿ ಎತ್ತಿಕೊಂಡು ಹೊರಟೇ ಹೋದ. ತಿರುಗಿ ನೋಡಲಿಲ್ಲ.

ಇಷ್ಟು ಸಲೀಸಾಗಿ ಬಿಟ್ಟು ಹೋದರೇ? ಹಾಗಾದರೆ ಆ ಕನಕಾಂಬರ, ಆ ಊದುಗೊಳವೆ, ಅದೂ ಸುಳ್ಳೇ? ಅವಳ ಮನಸ್ಸಿಗೆ ಅನುಮಾನ ಮತ್ತೆ ಹೊಕ್ಕಿತು. ಈ ಸಲದ್ದು ಎಲ್ಲಕ್ಕಿಂತ ದೊಡ್ಡದು.

ಆ ವಾರದಲ್ಲೇ ಚನ್ನಾಜಮ್ಮ ಒಬ್ಬಳೇ ಬಸ್ಸು ಹತ್ತಿ ಬಂದಳು. ಹೊಸಿಲು ದಾಟಲಿಲ್ಲ. ಜಗುಲಿಯಲ್ಲೇ ಕೂತಳು.

"ತಪ್ಪು ನಂದು ಕಣವ್ವ. ಮದ್ವೆಗ್ ಮುಂಚೇನೆ ಯೋಳ್ಬುಡ್ತೀನಿ ಅಂದ. ನಾನೇ ಲಿಂಗ ಮುಟ್ಸಿ ಮಾತ್ ತಕಂಡಿ, ಒಂದು ಮಗು ಆಗೋಗಂಟ ಬಾಯ್ ಬುಡ್ಬ್ಯಾಡ ಅಂತ. ಸೂಜಿ ಚುಚ್ಕಳೋನ್ಗೆ ಯಾರವ್ವ ಎಣ್ ಕೊಟ್ಟರು? ಅವ್ನು ನಾಳೆ ಬೆಂಗ್ಳೂರಿಗೆ ಓಯ್ತಾವ್ನೆ. ಮುಂದ್ಕೆ ಬುದ್ಧಿ ಮಂಕಾಯ್ತದೆ ಅಂತ ಡಾಕ್ಟ್ರು ಅಂದ್ರೆ ರತ್ನನ್ ದಾರಿಗೆ ಬರಾಕಿಲ್ಲ ಅಂತಾವ್ನೆ. ಅವ್ಳ ಮಕ ನೋಡಿ ನೀನ್ಯಾರು ಅಂದ್ನಂತಲ್ಲವ್ವ, ಅದ್ನ ಕೇಳಿದ್ ದಿನದಿಂದ ಸರ್ಯಾಗಿ ಉಂಡೇ ಇಲ್ಲ."

"ಇದಾದ್ರೂ ನಿಜನಾ ಅತ್ತೆ?"

ಚನ್ನಾಜಮ್ಮ ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಿದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಒಳಗಿನಿಂದ ಕೇಳಿಸಿಕೊಳ್ಳುತ್ತಿದ್ದ ಪುಟ್ಟಮಾದಪ್ಪ ಹೊರಗೆ ಬಂದ. "ನಾವೂ ನಾಳೆ ಓಗಾನ ನಡಿ ಮಗ. ಡಾಕ್ಟ್ರು ಬಾಯಲ್ಲೇ ಕೇಳಾನ. ಇವ್ರ್ ಮಾತ ನಾನಂತೂ ನಂಬಾಕಿಲ್ಲ."

ಬೆಂಗಳೂರಿನ ಆಸ್ಪತ್ರೆಯ ಆ ಕೋಣೆಯ ಬಾಗಿಲಲ್ಲಿ ಶಿವರತ್ನ ನಿಂತಾಗ ಮಾದಸ್ವಾಮಿ ಮಂಚದ ಮೇಲೆ ಆಚೆ ಮುಖ ಮಾಡಿ ಮಲಗಿದ್ದ. ತಲೆ ತುಂಬ ತಂತಿಗಳು. ಒಂದೊಂದು ತಂತಿಯ ಬುಡದಲ್ಲೂ ಅದೇ ಬಿಳಿಯ ಅಂಟು. ಪಕ್ಕದ ಯಂತ್ರದಲ್ಲಿ ಕಾಗದ ಸರಿಯುತ್ತಿತ್ತು, ಮುಳ್ಳುಗಳು ಅದರ ಮೇಲೆ ಗೆರೆ ಎಳೆಯುತ್ತಿದ್ದವು.

ಈ ಅಂಟನ್ನು ನೋಡಿ ನಾನು ಏನೆಲ್ಲ ಅಂದುಕೊಂಡೆ...

ಪುಟ್ಟಮಾದಪ್ಪ ಕೈ ಮುಗಿದು ಕೇಳಿದ. "ನಿಜ ಯೋಳಿ ಸಾ. ನನ್ನ ಅಳಿಯನ್ಗೆ ತಲೆ ಕೆಟ್ಟದಾ?"

ಡಾಕ್ಟರು ಕಾಗದದ ಮಡಿಕೆ ಬಿಚ್ಚಿ ತೋರಿಸಿದರು. "ಎಕ್ಸ್‌ರೇಯಲ್ಲಿ ಕಾಣೋದು ಬುರುಡೆ ಮಾತ್ರ, ಒಳಗಿನ ಮಿದುಳು ಕಾಣಲ್ಲ. ಅದು ಹೇಗೆ ಕೆಲಸ ಮಾಡ್ತಿದೆ ಅಂತ ಈ ಗೆರೆ ಹೇಳುತ್ತೆ. ಸಕ್ಕರೆ ಇಳಿದಾಗ ಗೆರೆ ಹೀಗೆ ದೊಡ್ಡದಾಗಿ, ನಿಧಾನವಾಗಿ ಓಡುತ್ತೆ. ಗ್ಲೂಕೋಸ್ ಕೊಟ್ಮೇಲೆ ನೋಡಿ, ಮೊದಲಿನ ಹಾಗೇ ಆಯ್ತು. ಇವತ್ತಿಗೆ ಇವರ ಬುದ್ಧಿ ಚೆನ್ನಾಗೇ ಇದೆ."

"ಮುಂದ್ಕೆ?" ಅಂತ ಕೇಳಿದವಳು ಶಿವರತ್ನ.

"ಸುಳ್ಳು ಹೇಳಲ್ಲಮ್ಮ. ಮುಂದೆ ಏನಾಗುತ್ತೆ ಅಂತ ನಮಗೂ ಪೂರ್ತಿ ಗೊತ್ತಿಲ್ಲ. ಪದೇ ಪದೇ ಇಳಿಯೋಕೆ ಬಿಡಬಾರದು. ಹೊತ್ತಿಗೆ ಊಟ, ಜೇಬಲ್ಲಿ ಸಕ್ಕರೆ, ಜೊತೆಗೆ ಗೊತ್ತಿರೋರು ಒಬ್ರು. ಅಷ್ಟು ಇದ್ರೆ ಧೈರ್ಯವಾಗಿರಬಹುದು."

ಅವಳ ದನಿ ಕೇಳಿ ಮಾದಸ್ವಾಮಿ ಕತ್ತು ತಿರುಗಿಸಿದ. ತಂತಿಗಳು ಎಳೆದವು. ನಂಬಲಾಗದವನಂತೆ ನೋಡಿದ.

ಡಾಕ್ಟರಿಗೆ ತಮ್ಮ ಕೆಲಸ. ಇಂಥ ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಗಳನ್ನೇ ಕೇಳಿದರು. ಹೆಸರು? ಹೇಳಿದ. ಇವತ್ತು ಯಾವ ವಾರ? ಹೇಳಿದ. ನೂರರಿಂದ ಏಳೇಳು ಕಳೆಯುತ್ತ ಹೋಗಿ ಅಂದರೆ ಲೆಕ್ಕದ ಮೇಷ್ಟ್ರು ತಡೆಯಿಲ್ಲದೆ ಹೋದ.

ಡಾಕ್ಟರು ಬಾಗಿಲ ಕಡೆ ಬೆರಳು ತೋರಿಸಿದರು. "ಅವರು ಯಾರು?"

ಅವನು ಸುಮ್ಮನಾದ. ಡಾಕ್ಟರ ಹುಬ್ಬು ಮೇಲೆ ಹೋಯಿತು.

"ಗೊತ್ತಾಗ್ತಿಲ್ವಾ?" ಅಂದರು ಡಾಕ್ಟರು.

"ಗೊತ್ತು ಡಾಕ್ಟ್ರೇ" ಅಂದ ಮಾದಸ್ವಾಮಿ. "ಆದ್ರೆ ಅದನ್ನ ಹೇಳೋ ಹಕ್ಕು ನನಗಿದ್ಯೋ ಇಲ್ವೋ ಗೊತ್ತಿಲ್ಲ. ಅವರನ್ನೇ ಕೇಳಿ."

ಶಿವರತ್ನ ಒಳಗೆ ಬಂದಳು. ಮಂಚದ ಪಕ್ಕ ನಿಂತು ಅವನ ಕೈ ಹಿಡಿದಳು.

"ಹೆಂಡ್ತಿ ಅಂತ ಬರ್ಕಳಿ ಸಾ."

ಪುಟ್ಟಮಾದಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, "ನಾನು ಬಸ್ಸಿನ ಟೈಮ್ ವಿಚಾರಿಸ್ಕಂಡ್ ಬತ್ತೀನಿ" ಅಂತ ಹೊರಗೆ ಹೋದ.

ಅಂಗಳದ ನಲ್ಲಿಯಲ್ಲಿ ಅವನನ್ನು ಬಗ್ಗಿಸಿ ಕೂರಿಸಿ, ಅವಳು ಕೂದಲ ಅಂಟನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ತೊಳೆದಳು.

"ಇನ್ನೇನಾದ್ರೂ ಬಚ್ಚಿಟ್ಟಿದ್ರೆ ಈಗ್ಲೇ ಹೇಳ್ಬುಡಿ."

"ಒಂದಿದೆ."

ಅವಳ ಬೆರಳು ನಿಂತವು.

"ನಿನ್ನನ್ನ ನೋಡೋಕೆ ಬಂದಾಗ, ಮುಖ ನೋಡಿದ ನೆನಪಿಲ್ಲ ಅಂದೆ. ಅದು ನಿಜ. ಸಂಕ್ರಾಂತಿ ದಿನ ಬಸ್ ಸ್ಟ್ಯಾಂಡಲ್ಲಿ ಏನಾಯ್ತು, ಯಾರನ್ನ ಕಂಡೆ, ಏನೂ ನೆನಪಿಲ್ಲ. ಒಂದು ಕೈ ಮಾತ್ರ ನೆನಪಿದೆ. ಮಣಿಕಟ್ಟಿಗೆ ಅರಿಶಿನ ಮೆತ್ತಿದ ಕೈ, ನನ್ನ ಅಂಗೈಗೆ ಏನೋ ಇಟ್ಟಿತ್ತು. ನೀನು ಕೇಸರಿಬಾತಿನ ತಟ್ಟೆ ಹಿಡಿದು ಬಂದಾಗ ಆ ಕಲೆ ಕಂಡೆ. ಆ ಗಳಿಗೇಲೇ ನಿಶ್ಚಯ ಮಾಡ್ಕೊಂಡೆ, ಮದುವೆಯಾದ್ರೆ ಇವಳನ್ನೇ ಅಂತ."

ಶಿವರತ್ನ ತನ್ನ ಮಣಿಕಟ್ಟು ನೋಡಿಕೊಂಡಳು. ಸಿಟ್ಟಿನಿಂದ ತುರುಕಿದ ಆನೆ ಅದು!

"ರತ್ನ, ಮುಂದೊಂದು ದಿನ ನಿಜವಾಗ್ಲೂ ನಿನ್ನ ಮರೆತುಬಿಟ್ರೆ?"

ಅವಳು ಸೆರಗಿನ ಗಂಟು ಬಿಚ್ಚಿದಳು. ಒಳಗೆ ಒಂದು ಬೆಲ್ಲದ ಚೂರಿತ್ತು, ಮಾಂಬಳ್ಳಿಯಿಂದಲೇ ಕಟ್ಟಿಕೊಂಡು ಬಂದಿದ್ದು. ಅದನ್ನು ಅವನ ಅಂಗೈಯಲ್ಲಿಟ್ಟು ಬೆರಳುಗಳನ್ನು ಮಡಚಿದಳು.

"ಮರೀರಿ. ಈ ಕೈ ಎಲ್ಲೂ ಹೋಗಾಕಿಲ್ಲ."